ಇಕ್ಕೇರಿ ಕಂಡ ರೋಮಿನ ಯಾತ್ರಿಕ

(ಸಾಂಟಾ ಕ್ಲಾರಾದಲ್ಲಿ ನಡೆದ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಪ್ರವಾಸವನ್ನು ಕುರಿತು ಮಾತನಾಡಬೇಕೆಂದು ತಾವು ನನ್ನನ್ನು ಕೇಳಿದಾಗ ಸ್ವಲ್ಪ ಸಂಕೋಚವಾಯಿತು. ಇಲ್ಲಿಗೆ ಬಂದ ಮೂರು ವಾರಗಳಲ್ಲಿ ನಾನು ಊಟಕ್ಕೆ ಹೋದ ಮನೆಗಳಲ್ಲೆಲ್ಲ ಅಲಾಸ್ಕ, ಪೆರು, ಗ್ರೀಸ್, ಜಪಾನುಗಳ ಚಿತ್ರಗಳನ್ನು ನೋಡಿದ್ದೇನೆ. ಇಷ್ಟು ಲೋಕ ಕಂಡವರ ಮುಂದೆ ಸಾಗರ ಸೀಮೆಯ ಒಬ್ಬ ನಿವೃತ್ತ ಮೇಷ್ಟರು ಪ್ರವಾಸದ ಬಗ್ಗೆ ಹೇಳುವುದೇನಿದೆ? ಆದ್ದರಿಂದ ನನ್ನ ಪ್ರವಾಸದ ಮಾತನ್ನು ಬಿಟ್ಟು, ನಮ್ಮ ನಾಡಿಗೆ ಬಂದಿದ್ದ ಒಬ್ಬ ಪ್ರವಾಸಿಯ ವಿಚಾರವನ್ನು ತಮ್ಮ ಮುಂದಿಡುತ್ತೇನೆ. ಅದಕ್ಕೆ ಮೊದಲು ತಮ್ಮ ಊರಿನ ಕಥೆಯೊಂದಿದೆ.

ಮೊನ್ನೆ ಬೆಳಗಿನ ಹೊತ್ತು ಸಾಂಟಾ ಕ್ಲಾರಾದ ಹಳೆಯ ಮಿಷನ್ ಇಗರ್ಜಿಯನ್ನು ನೋಡಲು ಹೋಗಿದ್ದೆ. 1777ರ ಜನವರಿಯಲ್ಲಿ ಸ್ಪೇನಿನ ಪಾದ್ರಿಗಳು ಸ್ಥಾಪಿಸಿದ ಮಿಷನ್ ಇದು. ಪ್ರವಾಹ, ಭೂಕಂಪ, ಬೆಂಕಿಗಳ ಕಾರಣದಿಂದ ಹಲವು ಬಾರಿ ಸ್ಥಳವನ್ನೂ ಕಟ್ಟಡವನ್ನೂ ಬದಲಿಸಬೇಕಾಯಿತು. ಈಗಿರುವ ಕಟ್ಟಡ 1926ರ ಬೆಂಕಿಯ ನಂತರ ಎದ್ದು 1928ರಲ್ಲಿ ಮುಗಿದದ್ದು. 1792ರ ನವೆಂಬರ್ ತಿಂಗಳಿನಲ್ಲಿ ಬ್ರಿಟಿಷ್ ನೌಕಾಪಡೆಯ ಜಾರ್ಜ್ ವ್ಯಾಂಕೂವರ್ ಸಾನ್ ಫ್ರಾನ್ಸಿಸ್ಕೋ ಬಂದರಿನಲ್ಲಿ ಹಡಗನ್ನು ನಿಲ್ಲಿಸಿ, ತನ್ನ ಕೆಲವು ಅಧಿಕಾರಿಗಳೊಡನೆ ಕುದುರೆಯೇರಿ ಈ ಮಿಷನ್ನಿಗೆ ಬಂದ. ತಾವು ದಿನವೂ ಕಾರಿನಲ್ಲಿ ಬೈದುಕೊಂಡು ಹೋಗುವ ಅದೇ ದಾರಿ ಇರಬಹುದು! ಅಂದು ಅಲ್ಲಿ ಓಕ್ ಮರಗಳ ಬಯಲು. ಯಾರೋ ಸಿರಿವಂತರು ಆಸಕ್ತಿಯಿಂದ ನೆಟ್ಟು ಬೆಳೆಸಿದ ಉದ್ಯಾನವನದಂತಿದೆ ಎಂಬ ಭಾವನೆ ಅವನಿಗೆ ಬಂದಿತು. ಅದಕ್ಕೆ ಮೊದಲು ಸ್ಪೇನಿನವರಲ್ಲದ ಯೂರೋಪಿಯನ್ನರು ಇಷ್ಟು ಒಳನಾಡಿಗೆ ಬಂದದ್ದಿಲ್ಲ. ಭೂಪಟದಲ್ಲಿ ಸಾಂಟಾ ಕ್ಲಾರಾ ಆಗ ಯಾರೂ ಅರಿಯದ ಮೂಲೆ.

ವ್ಯಾಂಕೂವರ್ ಇಗರ್ಜಿಯನ್ನೂ ಗೋಧಿಯ ಹೊಲವನ್ನೂ ಕಂಬಳಿ ನೇಯುವ ಕೆಲಸವನ್ನೂ ಶ್ರದ್ಧೆಯಿಂದ ವರ್ಣಿಸಿದ್ದಾನೆ. ನೇಯುತ್ತಿದ್ದವರು ಈ ನೆಲದ ಮೂಲನಿವಾಸಿ ಓಲೋನೆ ಜನ. ಅವರನ್ನೂ ವರ್ಣಿಸಿದ್ದಾನೆ, ಆದರೆ ಗುಂಪಾಗಿ. ಅವರ ಗುಡಿಸಲು ಹೇಗೆ, ಉಡುಗೆ ಹೇಗೆ, ದುಡಿಮೆ ಹೇಗೆ ಎಂದು. ಇದು ಅವನ ತಪ್ಪೆಂದು ನಾನು ಹೇಳುತ್ತಿಲ್ಲ. ಅವನು ದೊರೆಯ ಅಪ್ಪಣೆಯಿಂದ ಕರಾವಳಿಯನ್ನು ಅಳೆಯಲು ಬಂದವನು. ಅಳೆಯುವವನ ಕಣ್ಣೇ ಬೇರೆ. ಆದರೂ ಆ ಇಗರ್ಜಿಯ ತೋಟದಲ್ಲಿ ಕುಳಿತಾಗ ನನಗೆ ಒಂದು ಯೋಚನೆ ಬಂದಿತು. ಅಪ್ಪಣೆಯೂ ಇಲ್ಲದೆ, ವ್ಯಾಪಾರವೂ ಇಲ್ಲದೆ, ಮತಪ್ರಚಾರವೂ ಇಲ್ಲದೆ, ಬರಿಯ ಕುತೂಹಲದಿಂದ ಇಂತಹ ಮೂಲೆಯ ಊರಿಗೆ ಒಬ್ಬನು ಬಂದಿದ್ದರೆ ಅವನಿಗೆ ಏನು ಕಾಣುತ್ತಿತ್ತು?

ಅಂತಹ ಒಬ್ಬನು ವ್ಯಾಂಕೂವರನಿಗಿಂತ 169 ವರ್ಷ ಮೊದಲು, ಅದೇ ನವೆಂಬರ್ ತಿಂಗಳಿನಲ್ಲಿ, ನಮ್ಮ ಇಕ್ಕೇರಿಗೆ ಬಂದಿದ್ದ. ಅವನ ಹೆಸರು ಪಿಯೆತ್ರೋ ದೆಲ್ಲಾ ವಾಲ್ಲೆ. 1586ರಲ್ಲಿ ರೋಮ್ ನಗರದ ಕುಲೀನ ಮನೆತನದಲ್ಲಿ ಹುಟ್ಟಿದವನು. ಪ್ರೇಮದಲ್ಲಿ ನಿರಾಶನಾಗಿ 1614ರಲ್ಲಿ ವೆನಿಸ್ಸಿನಿಂದ ಹಡಗು ಹತ್ತಿದ. ತುರ್ಕಿ, ಈಜಿಪ್ಟ್, ಪ್ಯಾಲೆಸ್ತೀನುಗಳನ್ನು ಸುತ್ತಿ, ಬಾಗ್ದಾದಿನಲ್ಲಿ ಮಾನಿ ಎಂಬ ಕ್ರೈಸ್ತ ತರುಣಿಯನ್ನು ಮದುವೆಯಾಗಿ, ಪರ್ಷಿಯಾದಲ್ಲಿ ವರ್ಷಗಟ್ಟಲೆ ನಿಂತ. 1621ರ ಕೊನೆಯಲ್ಲಿ ಹೊರ್ಮುಜ್ ಬಳಿ ಮಾನಿ ಜ್ವರದಿಂದ ತೀರಿಕೊಂಡಳು. ಅವಳನ್ನು ಪರದೇಶದ ಮಣ್ಣಿನಲ್ಲಿ ಬಿಟ್ಟುಹೋಗಲು ಮನಸ್ಸು ಬಾರದೆ, ದೇಹವನ್ನು ಕೆಡದಂತೆ ಸಂಸ್ಕರಿಸಿ ಪೆಟ್ಟಿಗೆಯಲ್ಲಿಟ್ಟು, ಸಾಮಾನಿನ ನಡುವೆ ಮರೆಮಾಡಿ ಭಾರತಕ್ಕೂ ತಂದ. 1623ರ ಫೆಬ್ರವರಿಯಲ್ಲಿ ಸೂರತ್ತಿನಲ್ಲಿ ಇಳಿದು ಮುಂದೆ ಗೋವೆಗೆ ಬಂದ.

ದಾರಿಯುದ್ದಕ್ಕೂ ಅವನು ನೇಪಲ್ಸಿನ ತನ್ನ ಗೆಳೆಯ, ವೈದ್ಯ ಮಾರಿಯೋ ಸ್ಕಿಪಾನೋಗೆ ದೀರ್ಘವಾದ ಪತ್ರಗಳನ್ನು ಬರೆಯುತ್ತಿದ್ದ. ಭಾರತದ ಪತ್ರಗಳು ಅವನು ತೀರಿಕೊಂಡ ಮೇಲೆ, 1663ರಲ್ಲಿ, ಅಚ್ಚಾದವು. ಮರುವರ್ಷವೇ ಇಂಗ್ಲಿಷಿಗೂ ಬಂದವು. ಇತಿಹಾಸಕಾರ ಗಿಬ್ಬನ್ ಇವನನ್ನು ಮೆಚ್ಚಿಕೊಳ್ಳುತ್ತಲೇ, ಸಹಿಸಲಾಗದಷ್ಟು ಆತ್ಮಪ್ರಶಂಸೆಯವನು, ಮಾತುಗಾರ ಎಂದು ದೂರಿದ್ದಾನೆ. ದೂರು ಸುಳ್ಳಲ್ಲ. ಆದರೆ ಮಾತುಗಾರನಾಗಿದ್ದರಿಂದಲೇ ನಮಗೆ ಲಾಭವಾಯಿತು. ಮಿತಭಾಷಿಯಾಗಿದ್ದರೆ ಮುಂದೆ ನಾನು ಹೇಳುವ ಯಾವುದೂ ಉಳಿಯುತ್ತಿರಲಿಲ್ಲ.

ಇಕ್ಕೇರಿಯಲ್ಲಿ ಆಗ ಕೆಳದಿ ವಂಶದ ವೆಂಕಟಪ್ಪ ನಾಯಕರ ಆಳ್ವಿಕೆ. ಘಟ್ಟದ ಮೆಣಸಿಗಾಗಿ ಪೋರ್ಚುಗೀಸರಿಗೆ ಇವರ ಸ್ನೇಹ ಬೇಕಾಗಿತ್ತು. ಗೋವೆಯ ವೈಸರಾಯ್ ಲೈತಾಂವ್ ಎಂಬವನನ್ನು ರಾಯಭಾರಿಯಾಗಿ ಕಳಿಸಿದಾಗ, ನಮ್ಮ ಯಾತ್ರಿಕ ತಾನೂ ಬರುತ್ತೇನೆಂದು ಜೊತೆಗೂಡಿದ. ಅವನಿಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಅದೇ ದಂಡಿನಲ್ಲಿ ನಾಯಕರ ಕಡೆಯ ರಾಯಭಾರಿ ವಿಟ್ಠಲ ಶೆಣೈ ಕೂಡ ಊರಿಗೆ ಮರಳುತ್ತಿದ್ದರು. ಇಟಲಿಯ ಲಿಪಿಯಲ್ಲಿ 'ವಿತುಲ ಸಿನಾಯ್' ಎಂದಿರುವುದನ್ನು ಓದಿ ಹಿಡಿಯಲು ಕರಾವಳಿಯವರಿಗೆ ಒಂದು ಗಳಿಗೆಯೂ ಬೇಡ.

ಅಕ್ಟೋಬರ್ ತಿಂಗಳಿನಲ್ಲಿ ಗೋವೆ ಬಿಟ್ಟು ಸಮುದ್ರದ ದಾರಿಯಲ್ಲಿ ಹೊನ್ನಾವರಕ್ಕೆ ಬಂದು, ದೋಣಿಯಲ್ಲಿ ಶರಾವತಿಯನ್ನು ಏರಿ ಗೇರುಸೊಪ್ಪೆಗೆ ಹೋದರು. ಇದಕ್ಕಿಂತ ಚೆಲುವಾದ ಹೊಳೆಯನ್ನು ಕಂಡ ನೆನಪಿಲ್ಲ ಎನ್ನುತ್ತಾನೆ, ನೈಲ್ ನದಿಯನ್ನು ಕಂಡು ಬಂದವನು. ಗೇರುಸೊಪ್ಪೆ ಆ ಹೊತ್ತಿಗೇ ಹಾಳಾಗಿತ್ತು. ಅರಮನೆಯ ಜಾಗದಲ್ಲಿ ಮರಗಿಡ, ಅಲ್ಲಲ್ಲಿ ನಾಲ್ಕು ಗುಡಿಸಲು. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಊರು ಅದು. ರಾಣಿ ಯಾವನೋ ಕೀಳುಕುಲದ ಪರಸ್ಥಳದವನನ್ನು ನಂಬಿ ಕೆಟ್ಟಳೆಂಬ ಕಥೆಯನ್ನು ಅವನು ಕೇಳಿದಂತೆ ಬರೆದಿದ್ದಾನೆ. ಗೆದ್ದವರ ಊರಿಗೆ ಹೋಗುವ ದಾರಿಯಲ್ಲಿ ಸೋತವಳ ಕಥೆ ಹೇಗೆ ಕೇಳಿಬರುತ್ತದೆ ಎಂಬುದನ್ನು ನಾವು ನೆನಪಿನಲ್ಲಿಡಬೇಕು. ಇವನು ಕಣ್ಣಾರೆ ಕಂಡದ್ದನ್ನು ನಂಬುವಷ್ಟು ಕೇಳಿ ಬರೆದದ್ದನ್ನು ನಂಬಬೇಕಾಗಿಲ್ಲ.

ಕಣ್ಣಾರೆ ಕಂಡದ್ದಕ್ಕೆ ಬರೋಣ. ಘಟ್ಟದ ಮೇಲೆ ಹನುಮಂತನ ಗುಡಿಯೊಂದರ ಬಳಿ ತಂಗಿದ್ದಾಗ, ಆಳುಗಳು ಹೊರೆ ಕಟ್ಟುವವರೆಗೆ ಮಾಡಲು ಕೆಲಸವಿಲ್ಲದೆ ಇವನು ಗುಡಿಯ ಜಗುಲಿಯಲ್ಲಿ ನಿಂತ. ಅಲ್ಲಿ ನಾಲ್ಕು ಜನ ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ತೆಳುವಾಗಿ ಮರಳು ಹರವಿತ್ತು. ಒಬ್ಬನು ಪಾಠವನ್ನು ರಾಗವಾಗಿ ಹೇಳುತ್ತ, ಹೇಳಿದ್ದನ್ನೇ ಬೆರಳಿನಿಂದ ಮರಳಿನಲ್ಲಿ ಬರೆಯುವನು. ಉಳಿದವರೂ ಹಾಗೆಯೇ ಹಾಡಿ ಹಾಗೆಯೇ ಬರೆಯುವರು. ನೆಲ ತುಂಬಿದರೆ ಕೈಯಿಂದ ಅಳಿಸಿ ಮತ್ತೆ ಮರಳು ಚೆಲ್ಲುವರು. ಕಾಗದದ ಖರ್ಚಿಲ್ಲ, ಮಸಿಯ ಖರ್ಚಿಲ್ಲ. ಗುರುಗಳು ಹತ್ತಿರ ಇರಲಿಲ್ಲ. ಮರೆತರೆ ತಿದ್ದುವವರು ಯಾರು ಎಂದು ಇವನು ಕೇಳಿದ್ದಕ್ಕೆ, ನಾಲ್ವರೂ ಒಟ್ಟಿಗೇ ಮರೆಯುವುದು ಸಾಧ್ಯವೇ ಎಂಬ ಅರ್ಥದ ಉತ್ತರ ಹುಡುಗರಿಂದ ಬಂದಿತು.

ಈ ಸಭೆಯಲ್ಲಿ ಐವತ್ತು ದಾಟಿದವರು ಈಗ ನಗುತ್ತಿದ್ದೀರಿ. ತಮ್ಮ ಕಿವಿಯಲ್ಲಿ ಆ ಮಗ್ಗಿಯ ರಾಗ ಇನ್ನೂ ಇದೆ ಎಂದು ನನಗೆ ಗೊತ್ತು. ಅಂದು ನಮ್ಮವರು ಯಾರೂ ಇದನ್ನು ಬರೆದಿಡಲಿಲ್ಲ. ಏಕೆ ಬರೆಯಬೇಕು, ಹುಡುಗರು ಮಗ್ಗಿ ಹೇಳುವುದು ಬರೆದಿಡುವ ಸಂಗತಿಯೇ? ನಮ್ಮ ಶಾಸನಗಳು ದಾನವನ್ನೂ ಗೆಲುವನ್ನೂ ಹೇಳುತ್ತವೆ. ಜಗುಲಿಯ ಮರಳನ್ನು ಹೇಳುವುದಕ್ಕೆ ಅದನ್ನು ಮೊದಲ ಸಲ ಕಂಡವನೇ ಬರಬೇಕಾಯಿತು.

ಇಕ್ಕೇರಿಯನ್ನು ಅವನು ಸುಳ್ಳು ಬಣ್ಣ ಹಚ್ಚದೆ ವರ್ಣಿಸುತ್ತಾನೆ. ವಿಶಾಲವಾದ ಬಯಲಿನಲ್ಲಿ ಊರು. ಒಂದರೊಳಗೊಂದು ಮೂರು ಆವರಣಗಳು, ಕಂದಕಗಳು. ಹೊರಗಿನ ಆವರಣಗಳಿಗೆ ಕಲ್ಲಿನ ಗೋಡೆಯ ಬದಲು ದಟ್ಟವಾಗಿ ಬೆಳೆಸಿದ ಬಿದಿರುಮೆಳೆಯೇ ಕೋಟೆ. ಮಲೆನಾಡಿನವರಿಗೆ ಇದರ ಬಲ ಗೊತ್ತು. ರೋಮಿನವನಿಗೆ ಅದು ದುರ್ಬಲವಾಗಿ ಕಂಡಿತು. ಮನೆಗಳು ವಿರಳ, ಬೀದಿಗಳು ಉದ್ದ, ಎತ್ತರದ ಮರಗಳ ನೆರಳು. ಅಘೋರೇಶ್ವರ ದೇವಾಲಯವನ್ನು ಹೆಸರು ಹೇಳಿಯೇ ವಿವರಿಸಿದ್ದಾನೆ.

ಒಂದು ಸಂಜೆ ಅವನ ಮುಂದೆ ಹುಡುಗಿಯರ ತಂಡಗಳು ಬಂದವು. ರೇಷ್ಮೆಯ ಉಡುಗೆ, ತಲೆಗೆ ಹಳದಿ ಬಿಳಿ ಹೂಗಳ ಅಲಂಕಾರ, ಎರಡೂ ಕೈಗಳಲ್ಲಿ ಬಣ್ಣ ಬಳಿದ ಗೇಣುದ್ದದ ಕೋಲುಗಳು. ಸುತ್ತು ಕಟ್ಟಿ, ತಾಳಕ್ಕೆ ಸರಿಯಾಗಿ ಕೋಲಿಗೆ ಕೋಲು ತಾಗಿಸುತ್ತ ಕುಣಿದರು. ಒಬ್ಬಳು ಹಾಡಿದರೆ ಉಳಿದವರು ಕೊನೆಗೆ 'ಕೋಲೆ, ಕೋಲೆ, ಕೋಲೆ' ಎಂದು ಹಲವು ಸಲ ಹೇಳುತ್ತಿದ್ದರು. ಆ ಮಾತಿನ ಅರ್ಥ ತನಗೆ ತಿಳಿಯದು, ಸಂತೋಷದ ಉದ್ಗಾರವಿರಬೇಕು ಎಂದು ಬರೆದಿದ್ದಾನೆ. ಅರ್ಥವಾಗದ ಮಾತನ್ನು ಬಿಟ್ಟುಬಿಡದೆ, ಕಿವಿಗೆ ಬಿದ್ದಂತೆ ಬರೆದುಕೊಂಡನಲ್ಲ, ಅದಕ್ಕೆ ನಾನು ಅವನಿಗೆ ಋಣಿ. ತಮ್ಮ ಕೂಟದ ಸಮಾರಂಭಗಳಲ್ಲಿ ಇಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಕೋಲಾಟ ಆಡುವಾಗ ಅದೇ ಮಾತನ್ನು ಹೇಳುತ್ತಾರೆ. ಅವರಲ್ಲಿ ಕೆಲವರಿಗೂ ಅರ್ಥ ತಿಳಿಯದಿರಬಹುದು; ಪರವಾಗಿಲ್ಲ, ಮನೆಗೆ ಹೋಗುವ ದಾರಿಯಲ್ಲಿ ತಾಯಂದಿರು ಹೇಳಲಿ.

ಇನ್ನು ಮುಂದಿನದು ಸಂತೋಷದ ವಿಷಯವಲ್ಲ. ಮಕ್ಕಳಿರುವ ಸಭೆಯಲ್ಲಿ ಹೇಳಬೇಕೇ ಎಂದು ಯೋಚಿಸಿದೆ. ಆದರೆ ಇದನ್ನು ಬಿಟ್ಟರೆ ನಾನು ಇಲ್ಲಿ ನಿಂತದ್ದಕ್ಕೆ ಅರ್ಥವಿಲ್ಲ.

ಇಕ್ಕೇರಿಯ ಬೀದಿಯಲ್ಲಿ ಒಬ್ಬ ಹೆಂಗಸನ್ನು ಕುದುರೆಯ ಮೇಲೆ ಕೂರಿಸಿ ಮೆರವಣಿಗೆ ಮಾಡುತ್ತಿದ್ದುದನ್ನು ಅವನು ಕಂಡ. ಮುಂದೆ ವಾದ್ಯಗಳು, ಮೇಲೆ ಛತ್ರಿ. ಆಕೆಯ ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಕನ್ನಡಿಯನ್ನು ನೋಡಿಕೊಳ್ಳುತ್ತ ಆಕೆ ಶೋಕದ ರಾಗದಲ್ಲಿ ಹಾಡುತ್ತಿದ್ದಳು. ಗಂಡ ತೀರಿಕೊಂಡಿದ್ದ, ಆಕೆ ಸಹಗಮನಕ್ಕೆ ಸಿದ್ಧಳಾಗಿದ್ದಳು.

ಬೇರೆ ಯಾತ್ರಿಕರೂ ಸಹಗಮನವನ್ನು ವರ್ಣಿಸಿದ್ದಾರೆ. ವಿಜಯನಗರಕ್ಕೆ ಬಂದ ಪೋರ್ಚುಗೀಸರ ಬರಹಗಳಲ್ಲಿ ಅದು ಒಂದು 'ಪದ್ಧತಿ'. ಹೆಂಗಸರು ಬರುತ್ತಾರೆ, ಬೆಂಕಿ ಉರಿಯುತ್ತದೆ, ಪುಟ ಮುಗಿಯುತ್ತದೆ. ಈತ ಮಾಡಿದ್ದೇ ಬೇರೆ. ಕೆಲವು ದಿನಗಳಾದ ಮೇಲೆ ಆಕೆಯ ಮನೆಯನ್ನು ಹುಡುಕಿಕೊಂಡು ಹೋದ. ಆಕೆ ಅಂಗಳದಲ್ಲಿ ನೆಂಟರಿಷ್ಟರ ನಡುವೆ ಹೂ ಮುಡಿದು, ಮದುವಣಗಿತ್ತಿಯಂತೆ ನಗುತ್ತ ಮಾತನಾಡುತ್ತ ಕುಳಿತಿದ್ದಳು. ಪರದೇಶಿಯೊಬ್ಬ ತನ್ನನ್ನು ಕಾಣಲು ಬಂದನೆಂದು ತಿಳಿದು ಎದ್ದು ಬಂದಳು. ದುಭಾಷಿಯ ಮೂಲಕ ಇಬ್ಬರೂ ಬಹಳ ಹೊತ್ತು ಮಾತನಾಡಿದರು. ಗಂಡ ಮದ್ದಲೆ ಬಾರಿಸುವವನು. ಅವನಿಗೆ ಮೂವರು ಹೆಂಡಿರು. ಉಳಿದವರೇಕೆ ಹೋಗುವುದಿಲ್ಲ ಎಂದು ಕೇಳಿದ. ಅವರಿಗೆ ಮಕ್ಕಳಿದ್ದಾರೆ ಎಂದಳು. ನಿನಗಿಲ್ಲವೇ ಎಂದು ಕೇಳಿದ, ಇದ್ದಾರೆ ಎಂದಳು. ಎಳೆಯ ಮಕ್ಕಳನ್ನು ಹೇಗೆ ಬಿಟ್ಟುಹೋಗುತ್ತೀಯೆ ಎಂದಾಗ, ನೋಡಿಕೊಳ್ಳಲು ಚಿಕ್ಕಪ್ಪನಿದ್ದಾನೆ ಎಂದಳು. ಯಾರ ಬಲವಂತವೂ ಇಲ್ಲ, ನನ್ನ ಇಚ್ಛೆಯೇ ಎಂದಳು. ಮನಸ್ಸು ಬದಲಿಸಲು ಇವನು ಹೇಳಿದ ಮಾತುಗಳು ಫಲಿಸಲಿಲ್ಲ. ಕೊನೆಗೆ, ನನ್ನ ಬಡ ಲೇಖನಿಯಿಂದ ಸಾಧ್ಯವಾದಷ್ಟೂ ನಿನ್ನ ಹೆಸರು ಲೋಕದಲ್ಲಿ ಉಳಿಯುವಂತೆ ಮಾಡುತ್ತೇನೆ ಎಂದು ಮಾತು ಕೊಟ್ಟು, ಆಕೆಯ ಸಾವಿಗಾಗಿ ಆಕೆಗಿಂತ ಹೆಚ್ಚು ದುಃಖಪಡುತ್ತ ಹಿಂದಿರುಗಿದ.

ಹೆಸರನ್ನು ಬರೆದಿದ್ದಾನೆ: ಇಟಲಿಯ ಉಚ್ಚಾರದಲ್ಲಿ 'ಜಾಕ್ಕಮಾ', ತೆಲಂಗ ಕುಲದವಳು. ನಮ್ಮ ಜಕ್ಕಮ್ಮ.

'ನನ್ನ ಇಚ್ಛೆಯೇ' ಎಂದ ಮಾತನ್ನು ನಾವು ಹೇಗೆ ತೆಗೆದುಕೊಳ್ಳಬೇಕು? ಸುತ್ತಲೂ ನೆಂಟರು ನಿಂತಿರುವಾಗ, ಮೆರವಣಿಗೆ ಮುಗಿದಿರುವಾಗ, ಪರದೇಶಿಯೊಬ್ಬನಿಗೆ ದುಭಾಷಿಯ ಮೂಲಕ ಆಕೆ ಬೇರೆ ಏನು ಹೇಳಬಹುದಿತ್ತು? ಇವನು ಅದನ್ನು ಪೂರ್ತಿ ನಂಬಿದ. ನಾನು ನಂಬಲಾರೆ. ಆದರೆ ನಂಬುವುದಕ್ಕೂ ಬಿಡುವುದಕ್ಕೂ ನನಗೆ ಆಧಾರವಾಗಿ ಒಂದು ಮಾತುಕತೆ ಉಳಿದಿದೆಯಲ್ಲ! ನಮ್ಮ ಊರೂರಿನ ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟು ಎತ್ತಿದ ಒಂದು ಕೈ ಇರುತ್ತದೆ. ಎಷ್ಟೋ ಕಲ್ಲುಗಳ ಮೇಲೆ ಹೆಸರೇ ಇಲ್ಲ.

ಇಕ್ಕೇರಿಯಿಂದ ಅವನು ಘಟ್ಟ ಇಳಿದು ಬಸರೂರಿಗೂ ಅಲ್ಲಿಂದ ಮಂಗಳೂರಿಗೂ ಹೋದ. ಕದ್ರಿಯ ಜೋಗಿಗಳ ಅರಸನನ್ನು ಕಂಡದ್ದು, ಅವನ ಅರಸುತನ ಏನೇನೂ ಮನಸ್ಸಿಗೆ ಹಿಡಿಸದೆ ಹಿಂದಿರುಗಿದ್ದು ಇವನ್ನೆಲ್ಲ ಬಿಡುತ್ತೇನೆ. ಆದರೆ ಉಳ್ಳಾಲದ ರಾಣಿಯನ್ನು ಬಿಡುವಂತಿಲ್ಲ. 1623ರ ಡಿಸೆಂಬರಿನಲ್ಲಿ ಆಕೆ ಮನೇಲ್ ಎಂಬ ಊರಿನಲ್ಲಿದ್ದಳು. ಪತ್ರದಲ್ಲಿ ಆಕೆಯ ಹೆಸರು 'ಅಬಗ್ ದೇವಿ ಚೌತ್ರು'. ಚೌಟ ವಂಶದ ಅಬ್ಬಕ್ಕದೇವಿ. ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕರು ಒಬ್ಬರಿಗಿಂತ ಹೆಚ್ಚು ಜನ ಎಂದು ವಿದ್ವಾಂಸರು ಹೇಳುತ್ತಾರೆ, ಆ ಚರ್ಚೆ ಇಲ್ಲಿ ಬೇಡ. ಅರಮನೆಗೆ ಹೋಗಿ ದರ್ಶನ ಕೇಳಬೇಕೆಂದು ಹೊರಟವನಿಗೆ ರಾಣಿ ದಾರಿಯಲ್ಲೇ ಎದುರಾದಳು. ಗದ್ದೆಗಳಿಗೆ ನೀರು ಹರಿಸುವ ಕಾಲುವೆಯ ಅಗೆತವನ್ನು ತಾನೇ ನೋಡಿ ಬರುತ್ತಿದ್ದಳು. ಬರಿಗಾಲು, ಸಾಧಾರಣ ಬಟ್ಟೆ, ಗರಿಯ ಛತ್ರಿ ಹಿಡಿದ ಒಬ್ಬ ಆಳು. ವಯಸ್ಸು ಸುಮಾರು ನಲವತ್ತು, ಕಪ್ಪು ಮೈಬಣ್ಣ. ನೋಡಿದರೆ ಅಡುಗೆಮನೆಯ ಕೆಲಸದವಳಂತಿದ್ದಾಳೆ, ಬಾಯಿ ತೆರೆದರೆ ರಾಣಿ ಎಂಬುದು ತಿಳಿಯುತ್ತದೆ ಎಂದು ಬರೆದ. ಮೊದಲ ಮಾತು ಅವನ ಅಹಂಕಾರ. ಎರಡನೆಯದು ಅವನ ಪ್ರಾಮಾಣಿಕತೆ.

ಅಲ್ಲಿಯೇ ನಿಂತು ರಾಣಿ ಇವನನ್ನು ವಿಚಾರಿಸಿದಳು. ಯಾವ ದೇಶ, ಯಾವ ಯಾವ ರಾಜ್ಯಗಳನ್ನು ದಾಟಿ ಬಂದೆ, ಇಷ್ಟು ದೂರ ಏಕೆ ಅಲೆಯುತ್ತಿದ್ದೀಯೆ? ತುರ್ಕಿ, ಪರ್ಷಿಯಾ, ಮೊಗಲರ ಹೆಸರು ಕೇಳಿ ಆಶ್ಚರ್ಯಪಟ್ಟಳು. ಬೇರೆ ಬೇರೆ ನಾಡುಗಳನ್ನೂ ಆಚಾರಗಳನ್ನೂ ಕಂಡು ಕಲಿಯುವ ಆಸೆಯಿಂದ ಬಂದೆನೆಂದು ಇವನು ಹೇಳಿದ. ಮಾನಿಯ ಪೆಟ್ಟಿಗೆಯನ್ನು ನೆನೆದರೆ, ಆ ಉತ್ತರದಲ್ಲಿ ಸತ್ಯವಿತ್ತು, ಪೂರ್ಣಸತ್ಯವಿರಲಿಲ್ಲ ಎಂದು ನನಗೆ ತೋರುತ್ತದೆ. ಊರು ಬಿಟ್ಟು ಬಂದ ಯಾರನ್ನಾದರೂ 'ಏಕೆ ಬಂದೆ' ಎಂದು ಕೇಳಿದರೆ ಬರುವ ಉತ್ತರ ಹೀಗೆಯೇ ಅಲ್ಲವೇ? ತಾವು ನನಗಿಂತ ಚೆನ್ನಾಗಿ ಬಲ್ಲಿರಿ.

ಮುಂದೆ ರಾಣಿಯ ಮಗ, ತರುಣ ರಾಜಕುಮಾರ, ಇವನನ್ನು ಊಟಕ್ಕೆ ಕರೆದ. ಬಾಳೆಯೆಲೆ, ಅನ್ನ, ಉಪ್ಪಿನಕಾಯಿ. ಇವನು ತನ್ನ ಚಮಚ, ಫೋರ್ಕು, ಕೈವಸ್ತ್ರಗಳನ್ನು ತಾನೇ ತಂದಿದ್ದ. ಇವನು ತಿನ್ನುವ ರೀತಿಯನ್ನು ನೋಡುತ್ತ ಅರಮನೆಯವರು ಬೆರಗಾಗಿ ಕುಳಿತರಂತೆ. ಇಲ್ಲಿ ತಮ್ಮ ಅಮೆರಿಕನ್ ಸಹೋದ್ಯೋಗಿಗಳನ್ನು ಹಬ್ಬದೂಟಕ್ಕೆ ಕರೆದವರು ಈ ಚಿತ್ರವನ್ನು ತಿರುಗಿಸಿ ನೋಡಿಕೊಳ್ಳಬಹುದು.

1624ರ ಕೊನೆಯಲ್ಲಿ ಅವನು ಭಾರತವನ್ನು ಬಿಟ್ಟು, 1626ರಲ್ಲಿ ರೋಮ್ ಸೇರಿದ. ಮರುವರ್ಷ ಮಾನಿಯನ್ನು ತನ್ನ ಮನೆತನದ ಸಮಾಧಿಯಲ್ಲಿ, ಅರಾಚೇಲಿಯ ಇಗರ್ಜಿಯಲ್ಲಿ, ಮಣ್ಣು ಮಾಡಿದ. ಇಕ್ಕೇರಿಯ ವೈಭವವೂ ಹೆಚ್ಚು ಕಾಲ ಉಳಿಯಲಿಲ್ಲ. 1639ರ ಸುಮಾರಿಗೆ ರಾಜಧಾನಿ ಬಿದನೂರಿಗೆ ಹೋಯಿತು. 1763ರಲ್ಲಿ ಹೈದರಾಲಿ ಅದನ್ನೂ ಗೆದ್ದ. ಬಿದಿರಿನ ಕೋಟೆ ಮಣ್ಣಿಗೆ ಸೇರಿ, ಇಕ್ಕೇರಿಯಲ್ಲಿ ಅಘೋರೇಶ್ವರನ ಕಲ್ಲಿನ ದೇವಾಲಯ ಉಳಿಯಿತು.

ನನ್ನ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆ ದೇವಾಲಯದಿಂದ ಒಂದೂವರೆ ಗಂಟೆಯ ನಡಿಗೆಯಲ್ಲಿ ನಾನು ಬೆಳೆದವನು. ಶಾಲೆಯ ಹುಡುಗನಾಗಿ ಅಲ್ಲಿಗೆ ಹೋಗಿ ಬುತ್ತಿ ಬಿಚ್ಚಿ ತಿಂದಿದ್ದೇನೆ, ಮೇಷ್ಟರಾಗಿ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ ನಾಯಕರ ವಂಶಾವಳಿಯನ್ನು ಬಾಯಿಪಾಠ ಹೇಳಿಸಿದ್ದೇನೆ. ದೆಲ್ಲಾ ವಾಲ್ಲೆಯ ಹೆಸರನ್ನು ಪರೀಕ್ಷೆಗೆಂದು ಬರೆಸಿದ್ದೂ ಉಂಟು: ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಯಾರು, ಒಂದು ಅಂಕ. ಅವನ ಪುಸ್ತಕವನ್ನು ಕೈಯಲ್ಲಿ ಹಿಡಿದದ್ದು ನಿವೃತ್ತನಾದ ಮೇಲೆ. ಜಕ್ಕಮ್ಮನ ಪುಟವನ್ನು ಓದಿದ ದಿನ ರಾತ್ರಿ ಊಟ ಸೇರಲಿಲ್ಲ.

ಈ ಸಲ ರಜೆಗೆ ಊರಿಗೆ ಹೋಗುವವರು ಹಂಪಿ, ಮೈಸೂರು, ಜೋಗಗಳನ್ನು ಹೇಗೂ ನೋಡುತ್ತೀರಿ. ಜೋಗಕ್ಕೆ ಹೋಗುವವರು ಸಾಗರದಲ್ಲಿ ಅರ್ಧ ದಿನ ಇಳಿದುಕೊಳ್ಳಿ. ಇಕ್ಕೇರಿ ಅಲ್ಲಿಂದ ಆರು ಕಿಲೋಮೀಟರ್. ಪುರುಸೊತ್ತಿದ್ದರೆ ಹೊನ್ನಾವರದಿಂದ ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ ಬನ್ನಿ. ಹೆಚ್ಚುಕಡಿಮೆ ಅವನು ಬಂದ ದಾರಿ ಅದೇ. ದೇವಾಲಯದ ನೆಲದ ಮೇಲೆ ಕೈಮುಗಿದ ನಾಯಕರ ರೂಪಗಳನ್ನು ಕೊರೆದಿದ್ದಾರೆ, ಹೆಸರುಗಳ ಸಮೇತ. ಮಕ್ಕಳಿಗೆ ತೋರಿಸಿ.

ಪುಸ್ತಕ ಓದಿದ ವಾರವೇ ನಾನು ಮತ್ತೆ ಇಕ್ಕೇರಿಗೆ ಹೋಗಿದ್ದೆ. ಮದ್ದಲೆಯವನ ಮನೆ ಎಲ್ಲಿತ್ತೋ, ಗದ್ದೆ ತೋಟಗಳ ನಡುವೆ ಗುರುತಿಸುವುದು ಅಸಾಧ್ಯ. ದೇವಾಲಯದ ಹಿರಿಯರೊಬ್ಬರಿಗೆ ಪರಿಚಯವಿದ್ದುದರಿಂದ, ಜಕ್ಕಮ್ಮ ಎಂಬವರ ಹೆಸರಿನಲ್ಲಿ ಒಂದು ಅರ್ಚನೆಯಾಗಬೇಕೆಂದೆ. ಅವರು ಕುಂಕುಮದ ತಟ್ಟೆಯನ್ನು ಎತ್ತಿಕೊಳ್ಳುತ್ತ, "ನಿಮಗೆ ಏನಾಗಬೇಕು ಮೇಷ್ಟ್ರೇ, ಹತ್ತಿರದ ಸಂಬಂಧವೇ?" ಎಂದು ಕೇಳಿದರು. ಹೌದೆಂದೆ. ಗೋತ್ರ ಕೇಳಿದರು, ಗೊತ್ತಿಲ್ಲವೆಂದೆ. ಹೆಸರನ್ನಷ್ಟೇ ಹೇಳಿ ಅರ್ಚನೆ ಮಾಡಿದರು.